ಹೊಸ್ತಿಲಡಿಯ ಮಣ್ಣು

ಅಡುಗೆಮನೆಯ ನೀರು ಬಳಿಯುತ್ತಿದ್ದೆ. ರಾತ್ರಿಯೆಲ್ಲ ಜಿನುಗಿದ ಮಳೆ ಒಲೆಯ ಬುಡದವರೆಗೆ ನಿಂತಿತ್ತು. ಹಳೆಯ ಗೋಣಿಚೀಲ ಹಾಸಿ, ಒತ್ತಿ, ಬಕೇಟಿಗೆ ಹಿಂಡಿ, ಹಿತ್ತಿಲಿಗೆ ಚೆಲ್ಲಿ ಬರುವಷ್ಟರಲ್ಲಿ ಮತ್ತೆ ಅಷ್ಟೇ ನೀರು. ತಿಮ್ಮಜ್ಜಿ ಆಗಲೇ ಬಂದು ಅಕ್ಕಿ ಡಬ್ಬದ ಪಕ್ಕದ ಮಣೆಯ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದಳು. ಅವಳ ಮಗ ಸಿದ್ಧಲಿಂಗ ಕಡಲಾಚೆಯ ಒಂದು ದ್ವೀಪವನ್ನು ಕಾಯುತ್ತಿದ್ದಾನೆ. ಆ ದ್ವೀಪದ ಮಳೆ ನಮ್ಮ ಅಡುಗೆಮನೆಯಲ್ಲಿ ಬೀಳುತ್ತದೆ. ಅವಳು ದಿನಾ ಬಂದು ಕೊಡೆಯಾಚೆ ಅಂಗೈ ಚಾಚಿ ಹನಿಯನ್ನು ನೋಡುತ್ತಾಳೆ.

“ಇವತ್ತು ಸಣ್ಣಗಿದೆ ಗಿರಿಜಾ. ಅವನ ಬಟ್ಟೆ ಒಣಗಬೋದು,” ಎಂದಳು.

“ನನ್ನ ಸೌದೆ ಮಾತ್ರ ಒಣಗಲ್ಲ ಅಜ್ಜಿ.”

“ನಿನ್ನ ಸೌದೆ ಬಂದೂಕು ಹೊರಬೇಕಾಗಿಲ್ವಲ್ಲ.”

ನಕ್ಕೆ. ಹಿಂಡುತ್ತಿದ್ದ ಗೋಣಿ ಕೈಯಲ್ಲಿರುವಾಗಲೇ ಬೀದಿ ಬಾಗಿಲ ಚಿಲಕ ಸದ್ದಾಯಿತು. ಆ ಸದ್ದಿನಲ್ಲೇ ಗೊತ್ತಾಯಿತು, ಸೋಮಣ್ಣ. ಅವನೊಬ್ಬನೇ ಚಿಲಕವನ್ನು ಹಾಗೆ ತಪ್ಪು ಮಾಡಿದವನಂತೆ ಮೆಲ್ಲಗೆ ಅಲುಗಿಸುವುದು.

ನಮ್ಮ ದೇಶ ಹೊಸದೊಂದು ಜಾಗವನ್ನು ಕಾಯುತ್ತೇನೆಂದು ಯಾರಿಗಾದರೂ ಮಾತು ಕೊಟ್ಟಾಗಲೆಲ್ಲ ಅಲ್ಲಿಂದ ಒಂದು ಹಿಡಿ ಮಣ್ಣು ನಮ್ಮೂರಿಗೆ ಬರುತ್ತದೆ. ಸಭೆಯಲ್ಲಿ ಊರವರು ಕೈ ಎತ್ತಿ ಒಪ್ಪುತ್ತಾರೆ. ಸೋಮಣ್ಣ ಆ ಮಣ್ಣನ್ನು ಯಾವುದೋ ಒಂದು ಮನೆಯ, ಯಾವುದೋ ಒಂದು ಕೋಣೆಯ ಹೊಸ್ತಿಲಡಿ ಹೂಳುತ್ತಾನೆ. ಅಂದಿನಿಂದ ಆ ಕೋಣೆಯಲ್ಲಿ ಆ ಜಾಗದ ಹವೆ. ನಾನು ಮದುವೆಯಾಗಿ ಬಂದಾಗ ಬೀದಿಗೆ ಒಂದು ಮನೆ ಹೀಗಿತ್ತು. ಮಕ್ಕಳು ರಜೆಯಲ್ಲಿ ಅಲ್ಲಿಗೆ ಹೋಗಿ ಮಂಜಿನಲ್ಲಿ ಆಡಿ ಬರುತ್ತಿದ್ದರು. ಈಗ ಮಣ್ಣಿಲ್ಲದ ಮನೆಯೇ ಇಲ್ಲ. ನಮ್ಮದರಲ್ಲಿ ಅಡುಗೆಮನೆಗೆ ದ್ವೀಪದ ಮಳೆ, ನಡುಮನೆಗೆ ಯಾವುದೋ ಬಯಲಿನ ಗಾಳಿ. ಗೋಡೆಯ ಫೋಟೋಗಳನ್ನೆಲ್ಲ ಇಳಿಸಿ ಟ್ರಂಕಿನಲ್ಲಿಟ್ಟಿದ್ದೇನೆ. ಉಳಿದಿರುವುದು ಹಿಂದಿನ ಸಣ್ಣ ಕೋಣೆ. ಅಲ್ಲಿ ಮಾತ್ರ ನಮ್ಮೂರಿನ ಹವೆ, ಬೆಚ್ಚಗೆ, ಸ್ವಲ್ಪ ಬೇವಿನ ವಾಸನೆ. ನನ್ನ ಮಗಳು ಬಕುಳ ಮಲಗುವುದು ಅಲ್ಲಿ.

ಸೋಮಣ್ಣನ ಕೈಯಲ್ಲಿ ಬಿಳಿ ಬಟ್ಟೆಯ ಗಂಟಿತ್ತು. ಗಂಟಿನ ಸುತ್ತ ಅವನ ಬೆರಳುಗಳು ಸೆಟೆದು ಕೆಂಪಾಗಿದ್ದವು.

“ಹಿಮದ ಕಣಿವೆಯಂತೆ,” ಎಂದ. “ನಿಮ್ಮ ಹಿಂದಿನ ಕೋಣೆಗೆ ಬಂದಿದೆ.”

“ಮಗು ಅಲ್ಲಿ ಮಲಗುತ್ತೆ ಸೋಮಣ್ಣ.”

“ಗೊತ್ತು.”

“ಅವಳಿಗೆ ಉಬ್ಬಸ.”

“ಅದೂ ಗೊತ್ತು ತಾಯಿ. ಬೀದೀಲಿ ಯಾರಿಗೆ ಗೊತ್ತಿಲ್ಲ?” ಅವನು ಒಳಗೆ ಬರಲಿಲ್ಲ. “ನಮ್ಮನೇಲಿ ಬಚ್ಚಲೊಂದು ಉಳಿದಿದೆ. ನಾನೂ ನನ್ನ ಹೆಂಡ್ತಿ ಹಂಡೆ ಪಕ್ಕ ಮಲಗ್ತೀವಿ. ನಾನೇ ಹೂಳೋನು, ನನ್ನ ಮನೇನೇ ಬಿಡೋಕಾಗ್ಲಿಲ್ಲ. ಗುರುವಾರ ಸಭೆ. ಅಲ್ಲೀವರೆಗೂ ಗಂಟು ಕೋಣೇಲಿರಲಿ, ಮನೆಗೆ ಅಭ್ಯಾಸ ಆಗುತ್ತೆ.”

ಗಂಟನ್ನು ಹೊಸ್ತಿಲ ಮೇಲಿಟ್ಟು, ಬೆರಳನ್ನು ಕಂಕುಳಲ್ಲಿ ಅದುಮಿಕೊಂಡು ಹೊರಟುಹೋದ.

ಬಕುಳಳಿಗೆ ಏಳು ವರ್ಷ. ಬೀದಿಯಲ್ಲಿ ಆಡಲು ಬಿಡುವಂತಿಲ್ಲ. ಎಲ್ಲ ಮನೆಗಳ ಹವೆಯೂ ಬಾಗಿಲಿನಿಂದ ಬೀದಿಗೆ ಸೋರಿ, ಹತ್ತು ಹೆಜ್ಜೆಗೆ ಒಂದು ಚಳಿ, ಒಂದು ಧೂಳು, ಒಂದು ಸೆಕೆ. ಅದರಲ್ಲಿ ಓಡಾಡಿದರೆ ಅವಳ ಎದೆಯಲ್ಲಿ ಪೀಪಿ ಊದಲು ಶುರುವಾಗುತ್ತದೆ. ಶಾಲೆಯನ್ನೂ ಬಿಡಿಸಿದ್ದೇನೆ. ಶಾಲೆಯ ಹೊಸ್ತಿಲಡಿ ಉತ್ತರದ ಕೊನೆಯ ಒಂದು ಜಾಗವಿದೆ. ಅಲ್ಲಿ ಅರ್ಧ ವರ್ಷ ಸೂರ್ಯನೇ ಹುಟ್ಟುವುದಿಲ್ಲವಂತೆ, ಮಕ್ಕಳು ಲಾಂದ್ರ ಹಿಡಿದು ಮಗ್ಗಿ ಹೇಳುತ್ತಾರೆ. ಆಸ್ಪತ್ರೆಗೆ ಬಿರುಗಾಳಿಯ ಬಂದರು ಬಂತು. ಮೊದಲು ಔಷಧಿ ಬಾಟಲಿಗಳ ಚೀಟಿಗಳು ಹಾರಿಹೋದವು, ಆಮೇಲೆ ಬಾಟಲಿಗಳು, ಕೊನೆಗೆ ಡಾಕ್ಟರೂ ಹೋದರು. ಅವರನ್ನು ಗಾಳಿ ಒಯ್ಯಲಿಲ್ಲ, ಅದೇ ಬಂದರಿನ ಕಾವಲಿಗೆ ಕರೆಸಿಕೊಂಡರು. ಈಗ ಉಬ್ಬಸ ಬಂದರೆ ಬಿಸಿನೀರು, ಎದೆಗೆ ಎಣ್ಣೆ, ಹಿಂದಿನ ಕೋಣೆ. ಆ ಮೂರರಲ್ಲಿ ಕೆಲಸ ಮಾಡುವುದು ಕೋಣೆಯೊಂದೇ.

ಕೆಲವು ದಿನಗಳಿಂದ ಅವಳು ನನ್ನನ್ನು ಏನನ್ನೋ ಕೇಳಬೇಕೆಂದಿದ್ದಳು. ಆ ದಿನವೂ ನಾನು ಗಂಟನ್ನು ಕೋಣೆಗೆ ತಂದಿಟ್ಟ ಮೇಲೆ ಚಾಪೆಯ ಮೇಲೆ ಎದ್ದು ಕೂತು ಅದನ್ನೇ ನೋಡುತ್ತ, “ಅಮ್ಮಾ, ನಮ್ಮೂರಿನ…” ಎಂದಳು. ಅಷ್ಟಕ್ಕೆ ಕೆಮ್ಮು ಹತ್ತಿತು.

“ಆಮೇಲೆ ಕೇಳುವಂತೆ ಕಂದ. ಈಗ ಉಸಿರು ತಗೋ.”

ಬೆನ್ನು ನೀವುತ್ತ ನಾನೇ ಊಹಿಸಿದೆ. ನಮ್ಮೂರಿನ ಕೆರೆಯಾ? ಅಡ್ಡಡ್ಡ ತಲೆಯಾಡಿಸಿದಳು. ನಮ್ಮೂರಿನ ಶಾಲೆಯಾ? ಅಲ್ಲ. ನಮ್ಮೂರಿಗೆ ಅಪ್ಪ ಯಾವಾಗ ಬರ್ತಾರೆ ಅಂತಾನಾ? ಅವಳು ಸ್ವಲ್ಪ ಯೋಚಿಸಿ, ಅದೂ ಅಲ್ಲವೆಂದು ಬೆರಳಾಡಿಸಿದಳು. ಮತ್ತೆ ಬಾಯಿ ತೆರೆದಳು, ಮತ್ತೆ ಕೆಮ್ಮು. ಉಳಿದ ಮಾತು ಒಳಗೇ ಉಳಿಯಿತು.

ಬಿಚ್ಚದಿದ್ದರೂ ಆ ಗಂಟಿನಿಂದ ಚಳಿ ಬರತೊಡಗಿತು. ಅದನ್ನು ನಡುಮನೆಗೆ ತಂದಿಟ್ಟರೆ ಬಯಲಿನ ಗಾಳಿ ಅದೇ ಚಳಿಯನ್ನು ಹೊತ್ತು ಕೋಣೆಗೆ ಕೊಂಡುಹೋಯಿತು. ಹಿತ್ತಿಲಲ್ಲಿಟ್ಟೆ, ಹೂವಿನ ಗಿಡ ಕಪ್ಪಾಯಿತು. ಕೊನೆಗೆ ಸೆರಗಿನಲ್ಲಿ ಸುತ್ತಿಕೊಂಡು ಜುಲೇಖಾಳ ಮನೆಗೆ ಹೋದೆ.

ಜುಲೇಖಾಳದು ಎದುರು ಸಾಲಿನ ಮನೆ. ಅವಳ ನಡುಮನೆಗೆ ಮರಳುಗಾಡು ಬಂದಿದೆ. ನನ್ನ ಗಂಡ ಮುಕುಂದ ಇರುವುದು ಆ ಮರಳುಗಾಡಿನಲ್ಲಿ. ಯಾರ ಮನೆಯವರು ಎಲ್ಲಿರುತ್ತಾರೋ ಆ ಜಾಗದ ಮಣ್ಣು ಆ ಮನೆಗೆ ಬರುವುದಿಲ್ಲ, ಬಂದರೆ ಹೆಂಗಸರು ಕೆಲಸ ಬಿಟ್ಟು ಹವೆ ನೋಡುತ್ತ ಕೂರುತ್ತಾರೆಂದು ಹಿಂದೆ ಯಾರೋ ತೀರ್ಮಾನಿಸಿದ್ದಾರೆ. ಆದ್ದರಿಂದ ನಾವು ಒಬ್ಬರ ಮನೆಗೆ ಒಬ್ಬರು ಹೋಗುತ್ತೇವೆ. ನಾನು ಹಪ್ಪಳ ಒಣಗಿಸುವ ನೆಪದಲ್ಲಿ ದಿನವೂ ಹೋಗಿ ಅವಳ ನಡುಮನೆಯಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತೇನೆ. ಮುಖಕ್ಕೆ ಬಿಸಿಗಾಳಿ ಬಡಿಯುತ್ತದೆ. ಅವನಿಗೆ ನೀರು ಸಿಕ್ಕಿರಬಹುದೇ ಎಂದುಕೊಳ್ಳುತ್ತೇನೆ. ಇವತ್ತು ಸೆಕೆ ಕಡಿಮೆ ಎನ್ನಿಸಿದ ದಿನ ಸಮಾಧಾನದಿಂದ ಊಟ ಮಾಡುತ್ತೇನೆ.

“ಬಾರೇ, ನಿನ್ನ ಗಂಡ ಬೆಳಿಗ್ಗೆಯಿಂದ ಧೂಳೆಬ್ಬಿಸ್ತಾ ಇದಾನೆ,” ಎಂದಳು ಜುಲೇಖಾ. ಪೊರಕೆಯಿಂದ ಮರಳನ್ನು ಮೂಲೆಗೆ ಗುಡ್ಡೆ ಹಾಕುತ್ತಿದ್ದಳು. “ಮನೇಲಿದ್ದಾಗ ಒಂದು ಲೋಟ ಎತ್ತಿಟ್ಟೋನಲ್ಲ, ಇಲ್ಲೂ ಅದೇ ಚಾಳಿ.”

ನಾನು ನಗದಿರುವುದನ್ನು ನೋಡಿ ಪೊರಕೆ ಕೆಳಗಿಟ್ಟಳು. ಗಂಟನ್ನು ಬಿಚ್ಚಿ ತೋರಿಸಿದೆ. ಒಳಗೆ ಬೂದಿ ಬಣ್ಣದ ಮಣ್ಣು, ನಡುನಡುವೆ ಹರಳಿನ ಹಾಗೆ ಹೊಳೆಯುವ ಪುಡಿ. ಅವಳು ಬೆರಳಿಟ್ಟು ತಕ್ಷಣ ತೆಗೆದಳು.

“ಹಿಂದಿನ ಕೋಣೆಗಾ?”

ಹೌದೆಂದೆ. ಅವಳು ಬೆರಳನ್ನು ಬಾಯಿಗೆ ಹಿಡಿದು ಊದಿಕೊಂಡಳು.

“ತಿಮ್ಮಜ್ಜಿಯ ದ್ವೀಪವನ್ನ ಅಗೆದು ಬಿಸಾಕು,” ಎಂದಳು. “ಅಡುಗೆಮನೆ ಒಣಗುತ್ತೆ, ಮಗೂನ ಅಲ್ಲಿ ಮಲಗಿಸು.”

“ಅಜ್ಜಿ ದಿನಾ ಬರ್ತಾಳೆ.”

“ಬಂದು ನೋಡಿ ಮಳೆ ನಿಂತಿದೆ ಅಂದ್ಕೊತಾಳೆ.”

“ನಿಂತರೆ ಮಗನೇ ಇಲ್ಲ ಅಂದ್ಕೊತಾಳೆ ಜುಲೇಖಾ.”

ಅಗೆದರೆ ಅಲ್ಲಿ ಏನಾಗುತ್ತದೋ ಯಾರಿಗೂ ತಿಳಿಯದು. ಯಾರೂ ಅಗೆದು ನೋಡಿಲ್ಲ. ನಾವಿಬ್ಬರೂ ಅವಳ ಹೊಸ್ತಿಲನ್ನು ನೋಡುತ್ತ ನಿಂತೆವು. ಇಬ್ಬರಿಗೂ ಒಂದೇ ಯೋಚನೆ ಬಂತೆಂದು ಕಾಣುತ್ತದೆ. ಹಾಲು ಹೆಚ್ಚು ಬಿಸಿಯಾದರೆ ತಣ್ಣನೆಯದನ್ನು ಬೆರೆಸುತ್ತೇವೆ, ಸ್ನಾನದ ನೀರನ್ನು ಹಾಗೇ ಹದ ಮಾಡುತ್ತೇವೆ. ದಿನವಿಡೀ ಹದ ನೋಡುವುದೇ ನಮ್ಮ ಕೆಲಸ. ಹಿಮಕ್ಕೆ ಒಂದು ಚಿಟಿಕೆ ಮರಳುಗಾಡು ಬೆರೆತರೆ ಕೋಣೆ ಬೆಚ್ಚಗಾದೀತು. ಜುಲೇಖಾ ಹಾರೆಯ ತುದಿಯಿಂದ ಹೊಸ್ತಿಲ ಸಂದನ್ನು ಕೆದಕಿ ಕೆಂಪು ಮರಳನ್ನು ಒಂದು ಚಿಟಿಕೆ ತೆಗೆದು ನನ್ನ ಗಂಟಿಗೆ ಹಾಕಿದಳು. “ನಿನ್ನ ಗಂಡನೇ ಮಗಳನ್ನ ಬೆಚ್ಚಗಿಡಲಿ,” ಎಂದಳು. ಈ ಸಲ ನಾನೂ ನಕ್ಕೆ.

ಮನೆಗೆ ಬಂದು ಗಂಟನ್ನು ಕೋಣೆಯ ಬಾಗಿಲ ಬಳಿ ಇಟ್ಟೆ. ಬೇಳೆ ಬೇಯಲು ಇಟ್ಟು, ಕೊಡೆಯ ಕೆಳಗೇ ತರಕಾರಿ ಹೆಚ್ಚುತ್ತ ಕೋಣೆಯ ಕಡೆ ಕಿವಿಯಿಟ್ಟಿದ್ದೆ. ಮೊದಲು ಚೆನ್ನಾಗಿತ್ತು. ಚಳಿ ಇಳಿದು, ಮಾಗಿಯ ಮಧ್ಯಾಹ್ನದಂಥ ಬೆಳಕು ಬಾಗಿಲಿನಿಂದ ಕಂಡಿತು. ಬಕುಳ ಹಾಸಿಗೆಯಿಂದ, “ಅಮ್ಮಾ, ಚೆನ್ನಾಗಿದೆ,” ಎಂದಳು. ಅಷ್ಟು ಉದ್ದದ ಮಾತನ್ನು ಅವಳು ಕೆಮ್ಮಿಲ್ಲದೆ ಆಡಿ ಎಷ್ಟೋ ದಿನವಾಗಿತ್ತು. ನಾನು ಬದನೆಕಾಯಿ ಹಿಡಿದುಕೊಂಡೇ ಕಣ್ಣು ಒರೆಸಿಕೊಂಡೆ.

ಬೇಳೆ ಇಳಿಸುವ ಹೊತ್ತಿಗೆ ಬಾಗಿಲಲ್ಲಿ ಬೆಳಕಿರಲಿಲ್ಲ. ಬಿಳಿಯ ಗೋಡೆಯೊಂದು ನಿಂತಿತ್ತು. ಕೈ ಚಾಚಿದರೆ ಕೈ ಒಳಗೆ ಹೋಯಿತು. ಬಿಸಿ ತಗುಲಿದ ಹಿಮವೆಲ್ಲ ಮಂಜಾಗಿ ಕೋಣೆಯನ್ನು ತುಂಬಿತ್ತು, ಅದರೊಳಗೆ ಧೂಳು ನೆನೆದು ಕೆಸರಿನ ತುಂತುರಾಗಿ ಬೀಳುತ್ತಿತ್ತು. ಎರಡು ಚಾಪೆ ಹಾಸಿದರೆ ಮುಗಿಯುವ ಕೋಣೆ ಅದು. ಅದರಲ್ಲಿ ನನಗೆ ನನ್ನ ಮಗಳು ಸಿಗಲಿಲ್ಲ. “ಬಕುಳಾ,” ಎಂದು ಕೂಗಿದೆ. ಉತ್ತರಿಸಲು ಅವಳಿಗೆ ಉಸಿರಿರಲಿಲ್ಲ. ಗೋಡೆ ತಡವಿದೆ, ಪೆಟ್ಟಿಗೆ ಎಡವಿದೆ, ನೆಲದ ಮೇಲೆ ಮಂಡಿಯೂರಿ ತಡಕಿದೆ. ಆಗ ಆ ಪೀಪಿ ಕೇಳಿಸಿತು. ಯಾವ ಸದ್ದು ಕೇಳಿಸದಿರಲೆಂದು ದಿನವೂ ಬೇಡುತ್ತೇನೋ ಅದೇ ಸದ್ದನ್ನು ಹಿಡಿದುಕೊಂಡು ಮುಂದೆ ಹೋದೆ. ಅವಳು ಮೂಲೆಯಲ್ಲಿ ಗೋಡೆಗೆ ಮುಖವೊತ್ತಿ ಕೂತಿದ್ದಳು. ಮೈಯೆಲ್ಲ ಕೆಸರು. ಎತ್ತಿಕೊಂಡು ಹಿತ್ತಿಲಿಗೆ ಓಡಿದೆ.

ಗಂಟನ್ನು ತಣ್ಣೀರಿನ ಹಂಡೆಯಲ್ಲಿ ಮುಳುಗಿಸಿದ ಮೇಲೆ ಮಂಜು ಇಳಿಯಿತು. ಹಂಡೆಯ ನೀರು ಕಲ್ಲಿನ ಹಾಗೆ ಹೆಪ್ಪುಗಟ್ಟಿತು. ಬಕುಳಳ ತುಟಿಯ ನೀಲಿ ಸಂಜೆಯ ತನಕ ಹೋಗಲಿಲ್ಲ. ನನ್ನ ತೋಳಿನ ಮೇಲೆ ತಲೆಯಿಟ್ಟು ಮತ್ತೆ, “ನಮ್ಮೂರಿನ…” ಎಂದಳು. ನಾನು ಅವಳ ಬಾಯಿ ಮೇಲೆ ಬೆರಳಿಟ್ಟೆ. ಬೇಡ ಕಂದ, ನಾಳೆ.

ಗುರುವಾರ ಅವಳನ್ನು ಎತ್ತಿಕೊಂಡೇ ಸಭೆಗೆ ಹೋದೆ. ಬೀದಿಯ ಹವೆಗೆ ಸಿಕ್ಕದಂತೆ ತಲೆಯಿಂದ ಕಾಲಿನವರೆಗೆ ಹೊದಿಸಿದ್ದೆ.

ಊರಿನಲ್ಲಿ ಯಾವ ಮಣ್ಣೂ ಹೂಳದ ಕಟ್ಟಡವೆಂದರೆ ಸಭೆಯ ಮನೆಯೊಂದೇ. ಉಳಿದ ದಿನ ಬೀಗ. ಸಭೆಯ ದಿನ ಬಾಗಿಲು ತೆಗೆದರೆ ನಮ್ಮೂರಿನ ಬಿಸಿಲು ಕಿಟಕಿಗಳಿಂದ ಓರೆಯಾಗಿ ನೆಲಕ್ಕೆ ಬಿದ್ದಿರುತ್ತದೆ. ಒಂದು ಅಳಿಲು ತೊಲೆಯ ಮೇಲೆ ಓಡುತ್ತದೆ. ಜನ ಮೊದಲೇ ಬಂದು ಬಿಸಿಲಲ್ಲಿ ಕಾಲು ಚಾಚಿ ಕೂರುತ್ತಾರೆ. ಹೆಂಗಸರು ಒದ್ದೆ ಕೂದಲು ಬಿಚ್ಚಿ ಬೆನ್ನಿಗೆ ಹರವಿಕೊಳ್ಳುತ್ತಾರೆ. ಯಾರೋ ಕಡಲೆ ಹಂಚುತ್ತಾರೆ. ಅಲ್ಲಿ ಕೂತಾಗ ಊರಿಗೆ ಏನೂ ಆಗಿಲ್ಲವೆಂದೇ ಅನ್ನಿಸುತ್ತದೆ. ಹೀಗೆ ಮೈ ಬೆಚ್ಚಗಾಗಿ ಕೂತವರನ್ನು ಇನ್ನೊಂದು ಜಾಗ ಕಾಯೋಣವೇ ಎಂದು ಕೇಳಿದರೆ ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ನನ್ನ ಕೈಯೂ ಅಲ್ಲಿ ಎಷ್ಟೋ ಸಲ ಎದ್ದಿದೆ.

ಹಿರಿಯರಾದ ವಾಸುದೇವಯ್ಯ ಎದ್ದು ನಿಂತರು. ಕೆಟ್ಟವರಲ್ಲ. ಅವರ ಇಬ್ಬರು ಗಂಡುಮಕ್ಕಳೂ ಕಡಲಾಚೆಯೇ ಇದ್ದಾರೆ. ಹಿಮದ ಕಣಿವೆಯ ವಿಷಯ ಹೇಳಿ, ಗಿರಿಜಮ್ಮನ ಹಿಂದಿನ ಕೋಣೆ ಎಂದರು. ಮಗುವನ್ನು ಬೆಂಚಿನ ಮೇಲೆ ಕೂರಿಸಿ ನಾನು ಎದ್ದೆ.

“ನನ್ನ ಮಗಳಿಗೆ ಉಳಿದಿರೋದು ಆ ಕೋಣೆ ಒಂದೇ,” ಎಂದೆ. ಮನೆಯಲ್ಲಿ ಮನಸ್ಸಿನಲ್ಲೇ ಬಹಳ ಮಾತು ಜೋಡಿಸಿಕೊಂಡಿದ್ದೆ. ಎಲ್ಲ ಮರೆತು ಅದೊಂದೇ ಬಂತು. “ಅಲ್ಲಿ ಹಿಮ ಬಿದ್ದರೆ ಅವಳು ಈ ಮಾಗಿ ದಾಟಲ್ಲ.”

ಜನ ತಲೆ ತಗ್ಗಿಸಿದರು. ಗಾಣದ ಬಸಪ್ಪ ಮಾತ್ರ, “ಗಂಡನಿಗೆ ಕಾಯೋಕೆ ಜಾಗ ಬೇಕು, ಮನೆಗೆ ಮಣ್ಣು ಬೇಡ ಅಂದ್ರೆ ಹ್ಯಾಗಮ್ಮ?” ಎಂದ.

“ಬಸಪ್ಪಣ್ಣ, ನಿಮ್ಮ ಉಗ್ರಾಣಕ್ಕೆ ಬಂದಿರೋದು ಯಾವ ಜಾಗ?” ಜುಲೇಖಾ ಕೂತಲ್ಲಿಂದಲೇ ಕೇಳಿದಳು.

“ನಮ್ಮದೂ ಇದೆ. ಬೆಟ್ಟದ ಮೇಲಿನದು. ತಂಪು.”

“ಹೌದೌದು, ಬೆಣ್ಣೆ ಕೆಡದಿರೋವಷ್ಟು ಕಷ್ಟ.”

ಕೆಲವರು ನಕ್ಕರು. ವಾಸುದೇವಯ್ಯ ನಗಲಿಲ್ಲ. ನನ್ನನ್ನೇ ನೋಡಿ ನಿಧಾನವಾಗಿ ಹೇಳಿದರು. “ನೋಡಮ್ಮ, ಈ ಕಣಿವೆ ಯಾಕೆ ಅಂದ್ರೆ, ದ್ವೀಪಕ್ಕೆ ಅಕ್ಕಿ ಹೋಗೋ ದಾರಿ ಅದು. ಕಣಿವೆ ಕೈಬಿಟ್ಟರೆ ದ್ವೀಪ ನಿಲ್ಲಲ್ಲ. ದ್ವೀಪ ಹೋದರೆ ಬಂದರು. ಬಂದರು ಹೋದ ಮೇಲೆ ಮರಳುಗಾಡಿಗೆ ನೀರು ಕಳಿಸೋಕೆ ಹಡಗೇ ಇಲ್ಲ.”

ಮರಳುಗಾಡಿಗೆ ನೀರು. ನನ್ನ ಮುಖಕ್ಕೆ ಜುಲೇಖಾಳ ನಡುಮನೆಯ ಗಾಳಿ ಬಡಿದಂತಾಯಿತು.

“ಅಯ್ಯನೋರೆ, ದ್ವೀಪಾನ ಯಾಕೆ ತಗೊಂಡಿದ್ದು?” ಎಂದೆ.

“ಬಂದರನ್ನ ಕಾಯೋಕೆ.”

“ಈಗ ಕಣಿವೆ ಕಾಯೋಕೆ ಇನ್ನೊಂದು ಬೇಕಾಗಲ್ವಾ?”

ಅವರು ಸುಳ್ಳು ಹೇಳಬಹುದಾಗಿತ್ತು. “ಬೇಕಾಗಬೋದು,” ಎಂದರು.

“ಕೋಣೆ ಎಲ್ಲಿದೆ? ಎಲ್ಲರ ಮನೇನೂ ಮುಗೀತಾ ಬಂತು.”

“ಸಭೆ ಮನೆ ಇದೆಯಲ್ಲ,” ಎಂದು ಹಿಂದಿನಿಂದ ಯಾರೋ ತಮಾಷೆ ಮಾಡಿದರು. ಈ ಸಲ ಯಾರೂ ನಗಲಿಲ್ಲ. ಕೆಲವರು ಕಿಟಕಿಯ ಬಿಸಿಲನ್ನು ನೋಡಿದರು.

ಆಗ ತಿಮ್ಮಜ್ಜಿ ಎದ್ದಳು. ಕೊಡೆಯನ್ನು ಊರಿಕೊಂಡು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. “ಆ ಮಗು ನನ್ನ ತೊಡೆ ಮೇಲೆ ಬೆಳೆದಿದ್ದು,” ಎಂದಳು. “ಅದಕ್ಕೆ ಏನಾದ್ರೂ ಆದ್ರೆ ನಾನೂ ಬದುಕಲ್ಲ. ಆದ್ರೆ ಕಣಿವೆ ಬಿಟ್ಟರೆ ನನ್ನ ಸಿದ್ಧ ಆ ಮಳೇಲಿ ಒಬ್ಬನೇ ಆಗ್ತಾನಲ್ಲ. ಅವನನ್ನ ಕರೆಸ್ಕೊಳ್ಳಿ ಅಂತ ಕೇಳಿ ಕೇಳಿ ಸಾಕಾಯ್ತು. ಕರೆಸೋಕಾಗಲ್ಲ ಅಂದ್ಮೇಲೆ, ದಾರೀನಾದ್ರೂ ಕಾಯಿರಿ.” ಮತ್ತೆ ಕೂತಳು. ಕೂತ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಗುವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ನಾನೂ ಬೆಂಚಿನ ಮೇಲೆ ಕೂತೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ, ಬರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅವಳ ಜಾಗದಲ್ಲಿ ನಾನು ಇಲ್ಲವೆಂದು ಹೇಗೆ ಹೇಳಲಿ? ಎಲ್ಲರ ಮನೆಯ ಒಬ್ಬೊಬ್ಬರು ಎಲ್ಲೋ ಇದ್ದಾರೆ, ಅವರ ಹಿಂದೆ ಇನ್ನೊಬ್ಬರ ಮನೆಯವರು ನಿಂತಿದ್ದಾರೆ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬೀಳುತ್ತಾರೆ. ಯಾರ ಹೆಸರು ಹಿಡಿದು ಸಾಕು ಎನ್ನುವುದು?

“ಒಪ್ಪಿಗೆ ಇರೋರು,” ಎಂದರು ವಾಸುದೇವಯ್ಯ.

ಬಸಪ್ಪನ ಕೈ ಮೊದಲು ಎದ್ದಿತು. ಆಮೇಲೆ ಕಿಟಕಿಯ ಸಾಲು, ಆಮೇಲೆ ಹೆಂಗಸರು. ತಿಮ್ಮಜ್ಜಿ ಕಣ್ಣು ಮುಚ್ಚಿಕೊಂಡು ಕೈ ಎತ್ತಿದಳು. ಗೋಡೆಯ ಬಳಿ ನಿಂತಿದ್ದ ಸೋಮಣ್ಣ ಇನ್ನೂ ಕೆಂಪಗಿದ್ದ ತನ್ನ ಬೆರಳುಗಳನ್ನು ನೋಡಿಕೊಂಡು ಅವನ್ನೇ ಎತ್ತಿದ. ಜುಲೇಖಾ ಎತ್ತಲಿಲ್ಲ. ನನ್ನನ್ನು ನೋಡುತ್ತಿದ್ದಳು. ಅವಳ ನಡುಮನೆಯಲ್ಲಿ ನಾನು ನಿತ್ಯ ಹೇಗೆ ನಿಂತಿರುತ್ತೇನೆಂದು ಬಲ್ಲವಳು ಅವಳು. ನಾನು ಏನು ಮಾಡುತ್ತೇನೆಂದು ನನಗಿಂತ ಮೊದಲೇ ಅವಳಿಗೆ ಗೊತ್ತಾಗಿರಬೇಕು, ಮುಖ ಆಚೆ ತಿರುಗಿಸಿದಳು.

ಮುಕುಂದ ಮರಳಿನ ಮೇಲೆ ಕೂತು ಖಾಲಿ ಚೊಂಬನ್ನು ಬಾಗಿಸಿ ನೋಡುತ್ತಿದ್ದ. ನಾನು ಕಂಡದ್ದು ಅದು. ನನ್ನ ಎಡಗೈ ಮಗಳ ಬೆನ್ನ ಮೇಲಿತ್ತು. ಬಲಗೈ ಮಡಿಲಿನಿಂದ ಎದ್ದಿತು. ಹೆಗಲಿನವರೆಗೂ ಹೋಗಲಿಲ್ಲ, ಅಲ್ಲೇ ಎಲ್ಲೋ ನಡುವೆ ನಿಂತಿತು. ವಾಸುದೇವಯ್ಯ ಅದನ್ನು ನೋಡಿ ಸಣ್ಣಗೆ ತಲೆಯಾಡಿಸಿದರು. ಲೆಕ್ಕಕ್ಕೆ ಅಷ್ಟು ಸಾಕಾಗಿತ್ತು.

ಆಗ ನನ್ನ ಎಡಗೈ ಕೆಳಗೆ ಏನೋ ಬದಲಾಗಿದೆಯೆಂದು ತಿಳಿಯಿತು. ಬೆನ್ನು ಅದುರುತ್ತಿರಲಿಲ್ಲ. ಪೀಪಿ ನಿಂತಿತ್ತು. ನಾವು ಜಗಳವಾಡುತ್ತಿದ್ದಷ್ಟು ಹೊತ್ತೂ ಬಕುಳ ಹೊದಿಕೆಯನ್ನು ಸರಿಸಿ ನಮ್ಮೂರಿನ ಬಿಸಿಲಲ್ಲಿ ಕೂತಿದ್ದಳು. ಮೂಗಿನ ತುದಿ ಬೆವೆತಿತ್ತು. ಕೆನ್ನೆಗೆ ಬಣ್ಣ ಬಂದಿತ್ತು. ಅವಳು ನನ್ನ ಮಡಿಲಿನಿಂದ ಇಳಿದು ಬೆಂಚಿನ ಮೇಲೆ ನಿಂತಳು. ಮೇಲೆದ್ದಿದ್ದ ಕೈಗಳನ್ನೆಲ್ಲ ಒಂದು ಸಲ ನೋಡಿದಳು, ನನ್ನ ಕೈಯನ್ನೂ. ಎದೆ ತುಂಬ ಉಸಿರೆಳೆದುಕೊಂಡಳು. ಇಷ್ಟು ದಿನ ತುಂಡಾಗುತ್ತಿದ್ದ ಮಾತು ಈಗ ಎಲ್ಲೂ ಕೆಮ್ಮಿಲ್ಲದೆ, ಹಿಂದಿನ ಸಾಲಿಗೂ ಕೇಳುವಂತೆ ಬಂತು.

“ಅಮ್ಮಾ, ನಮ್ಮೂರಿನ ಮಣ್ಣನ್ನ ಯಾರ ಮನೆ ಹೊಸ್ತಿಲಡಿ ಹೂಳಿದ್ದಾರೆ?”